ಭಾರದ್ದು ಕೆಳಗೆ, ಹಗುರದ್ದು ಮೇಲೆ: ಪದರದ ಶೂಟರ್ ಕಟ್ಟುವ ಬಗೆ

ಶೂಟರ್ ಎಂದರೆ ಸಣ್ಣ ಗ್ಲಾಸಿನಲ್ಲಿ ಒಂದೇ ಗುಟುಕಿಗೆ ಕುಡಿಯುವ ಮದ್ಯ, ಲಿಕ್ಯೂರ್ ಎಂದರೆ ರುಚಿ ಬೆರೆಸಿದ ಸಿಹಿ ಮದ್ಯ. ಬಿ-52 ಎಂಬ ಶೂಟರನ್ನು ಸರಿಯಾಗಿ ಕಟ್ಟಿದ್ದರೆ ಗ್ಲಾಸಿನ ತಳದಲ್ಲಿ ಕಾಫಿ ಲಿಕ್ಯೂರಿನ ಕಡುಗಂದು, ಅದರ ಮೇಲೆ ಹಾಲಿನ ಕೆನೆ ಮತ್ತು ವಿಸ್ಕಿ ಬೆರೆತ ಐರಿಷ್ ಕ್ರೀಮಿನ ಕೆನೆಬಣ್ಣ, ಎಲ್ಲಕ್ಕಿಂತ ಮೇಲೆ ಕಿತ್ತಳೆ ಲಿಕ್ಯೂರಿನ ಹೊಂಬಣ್ಣ. ಮೂರರ ನಡುವೆ ಎರಡು ಗೆರೆ, ಗಾರೆಯವರು ದಾರ ಹಿಡಿದು ಎಳೆದಷ್ಟು ನೇರ. ನೋಡಿದವರು ಮೊದಲು ಕೇಳುವುದು ಕೈಚಳಕದ ಬಗ್ಗೆಯೇ: ಎಷ್ಟು ಅಭ್ಯಾಸ ಬೇಕು, ಎಂಥ ಚಮಚ ಬೇಕು ಎಂದು. ಕೈಗೂ ಚಮಚಕ್ಕೂ ಕೆಲಸವಿದೆ, ಆದರೆ ಅದು ಎರಡನೆಯ ಮಾತು. ಆ ಗೆರೆಗಳನ್ನು ಹಿಡಿದು ನಿಲ್ಲಿಸಿರುವುದು ತೂಕ. ಯಾವ ಬಾಟಲಿ ಎಷ್ಟು ಭಾರ ಎಂದು ಗೊತ್ತಿದ್ದರೆ ಮೊದಲ ಸಲವೇ ಪದರ ನಿಲ್ಲುತ್ತದೆ. ಗೊತ್ತಿಲ್ಲದಿದ್ದರೆ ಎಂಥ ನುರಿತ ಕೈಯೂ ಸೋಲುತ್ತದೆ.

ಎಣ್ಣೆ ಮತ್ತು ನೀರಿನ ಉದಾಹರಣೆ ಕೊಟ್ಟು ಇದನ್ನು ವಿವರಿಸುವವರಿದ್ದಾರೆ. ಅದು ದಾರಿ ತಪ್ಪಿಸುತ್ತದೆ. ಎಣ್ಣೆ ನೀರಿನೊಂದಿಗೆ ಬೆರೆಯುವುದೇ ಇಲ್ಲ. ಕಲಕಿದರೂ ಸ್ವಲ್ಪ ಹೊತ್ತಿಗೆ ತಾನಾಗಿ ಬೇರೆಯಾಗುತ್ತದೆ. ಲಿಕ್ಯೂರುಗಳೆಲ್ಲ ನೀರು, ಸಕ್ಕರೆ, ಆಲ್ಕೋಹಾಲುಗಳ ದ್ರಾವಣಗಳು. ಅವು ಒಂದರೊಳಗೊಂದು ಬೆರೆಯಲು ಸದಾ ತಯಾರು. ಒಮ್ಮೆ ಚಮಚ ಆಡಿಸಿದರೆ ಮುಗಿಯಿತು, ಮತ್ತೆ ಬೇರ್ಪಡುವುದಿಲ್ಲ. ಹಾಗಾಗಿ ಪದರ ಎಂದರೆ ಬೆರೆಯುವ ದ್ರವಗಳನ್ನು ಬೆರೆಯುವ ಮೊದಲೇ ಒಂದರ ಮೇಲೊಂದು ಇಟ್ಟು, ಅಲ್ಲಾಡಿಸದೆ ಬಿಡುವುದು. ಆಮೇಲೆ ಉಳಿಯುವುದು ಅಣುಗಳು ತಾವಾಗಿ ಹರಡುವ ನಿಧಾನದ ಚಲನೆ ಮಾತ್ರ. ಸಕ್ಕರೆ ನೀರಿನಲ್ಲಿ ಹರಡುವ ವೇಗ ಲೆಕ್ಕ ಹಾಕಿದರೆ ಒಂದು ಗಂಟೆಗೆ ಸುಮಾರು ಎರಡು ಮಿಲಿಮೀಟರು. ಒಂದೂವರೆ ಸೆಂಟಿಮೀಟರು ದಪ್ಪದ ಪದರಕ್ಕೆ ಇದು ದೊಡ್ಡ ಅಪಾಯವಲ್ಲ. ಕಟ್ಟಿ ಹತ್ತು ನಿಮಿಷ ಇಟ್ಟರೂ ಗೆರೆ ಗೆರೆಯಾಗಿಯೇ ಇರುತ್ತದೆ.

ಈ ಕಲೆ ಹಳೆಯದು. ಊಟದ ಕೊನೆಗೆ, ಕಾಫಿಯ ನಂತರ, ಸಣ್ಣ ಗ್ಲಾಸಿನಲ್ಲಿ ಹಲವು ಬಣ್ಣದ ಲಿಕ್ಯೂರುಗಳನ್ನು ಪದರವಾಗಿ ಕೊಡುವ ಪೂಸ್ ಕಫೆ ಹತ್ತೊಂಬತ್ತನೆಯ ಶತಮಾನದಲ್ಲೇ ಚಾಲ್ತಿಯಲ್ಲಿತ್ತು. ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ 1862ರಲ್ಲಿ ತಂದ ಪುಸ್ತಕದಲ್ಲಿ ಅದರ ವಿಧಾನಗಳಿವೆ. ಬಿ-52 ಬಂದದ್ದು ಬಹಳ ತಡವಾಗಿ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಬ್ಯಾಂಫ್ ಸ್ಪ್ರಿಂಗ್ಸ್ ಹೋಟೆಲಿನಲ್ಲಿ 1977ರ ಹೊತ್ತಿಗೆ ಪೀಟರ್ ಫಿಚ್ ಎಂಬ ಬಾರ್‌ಟೆಂಡರ್ ಮಾಡಿದ್ದು ಎಂಬ ಮಾತು ಹೆಚ್ಚು ಪ್ರಚಲಿತ. ಅದರ ನಡುವಿನ ಪದರವಾದ ಬೇಯ್ಲೀಸ್ ಎಂಬ ಐರಿಷ್ ಕ್ರೀಮ್ ಮಾರುಕಟ್ಟೆಗೆ ಬಂದದ್ದೇ 1974ರಲ್ಲಿ, ಆದ್ದರಿಂದ ಅದಕ್ಕೂ ಹಿಂದೆ ಈ ಶೂಟರ್ ಹುಟ್ಟುವ ಸಾಧ್ಯತೆಯೇ ಇರಲಿಲ್ಲ. ಹಳೆಯ ಪೂಸ್ ಕಫೆಯಲ್ಲಿ ಐದು, ಆರು, ಏಳು ಪದರ ಇರುತ್ತಿದ್ದವು. ನೋಡಲು ಚೆಂದ, ಕುಡಿಯಲು ಬರೀ ಸಿಹಿಯ ಗೊಂದಲ. ಮೂರು ಪದರ ಸಾಕು ಎಂದು ಬಿ-52 ತೋರಿಸಿಕೊಟ್ಟಿತು. ನಾಲ್ಕನೆಯದನ್ನು ಹಾಕುವ ಮೊದಲು ಅದು ರುಚಿಗೆ ಏನು ಕೊಡುತ್ತದೆ ಎಂದು ಕೇಳಿಕೊಳ್ಳಬೇಕು, ಬಣ್ಣಕ್ಕೆ ಏನು ಕೊಡುತ್ತದೆ ಎಂದಲ್ಲ.

ಈಗ ತೂಕದ ಲೆಕ್ಕ. ನೀರಿನ ಸಾಂದ್ರತೆ 1.00 ಎಂದಿಟ್ಟುಕೊಳ್ಳಿ. ಸಕ್ಕರೆ ಕರಗಿದಂತೆ ದ್ರವ ಭಾರವಾಗುತ್ತದೆ, ಆಲ್ಕೋಹಾಲು ಸೇರಿದಂತೆ ಹಗುರವಾಗುತ್ತದೆ. ಇವೆರಡರ ಜಗ್ಗಾಟವೇ ಪ್ರತಿ ಬಾಟಲಿಯ ಸ್ಥಾನವನ್ನು ತೀರ್ಮಾನಿಸುತ್ತದೆ. ಲೀಟರಿಗೆ 100 ಗ್ರಾಂ ಸಕ್ಕರೆ ಸೇರಿದರೆ ಸಾಂದ್ರತೆ ಸುಮಾರು 0.038 ಏರುತ್ತದೆ. ಆಲ್ಕೋಹಾಲು ಶೇ. 10 ಹೆಚ್ಚಿದರೆ ಸುಮಾರು 0.013 ಇಳಿಯುತ್ತದೆ. ಅಂದರೆ ಲೀಟರಿಗೆ 100 ಗ್ರಾಂ ಸಕ್ಕರೆಯ ಭಾರವನ್ನು ಸರಿದೂಗಿಸಲು ಹೆಚ್ಚುಕಡಿಮೆ ಶೇ. 30 ಆಲ್ಕೋಹಾಲು ಬೇಕು. ಈ ಒಂದು ಅನುಪಾತ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಪದರದ ಆಟದಲ್ಲಿ ದೊಡ್ಡ ಪಾತ್ರ ಸಕ್ಕರೆಯದು.

ಲೇಬಲ್ ಮೇಲಿನ ಶೇಕಡಾವಾರು ನೋಡಿ ಕ್ರಮ ನಿರ್ಧರಿಸುವವರು ಎಡವುವುದು ಇಲ್ಲಿಯೇ. ಸೋಂಪಿನ ರುಚಿಯ ಇಟಲಿಯ ಲಿಕ್ಯೂರ್ ಸಾಂಬೂಕ ಶೇ. 38ಕ್ಕಿಂತ ಕಡಿಮೆ ಇರುವಂತಿಲ್ಲ, ಬೇಯ್ಲೀಸ್ ಶೇ. 17. ಹಾಗಾದರೆ ಸಾಂಬೂಕ ಹಗುರ, ಮೇಲೆ ತೇಲಬೇಕು ಎಂದು ತೋರುತ್ತದೆ. ಆದರೆ ಯುರೋಪಿನ ನಿಯಮದಂತೆ ಸಾಂಬೂಕದಲ್ಲಿ ಲೀಟರಿಗೆ ಕನಿಷ್ಠ 350 ಗ್ರಾಂ ಸಕ್ಕರೆ ಇರಲೇಬೇಕು. ಮೇಲಿನ ಲೆಕ್ಕ ಹಾಕಿ: ಆಲ್ಕೋಹಾಲಿನಿಂದ 0.05ರಷ್ಟು ಇಳಿಕೆ, ಸಕ್ಕರೆಯಿಂದ 0.13ರಷ್ಟು ಏರಿಕೆ, ಒಟ್ಟು 1.08ರ ಆಸುಪಾಸು. ಬೇಯ್ಲೀಸ್ 1.05. ಸಾಂಬೂಕ ಕೆಳಗೆ ಹೋಗುತ್ತದೆ, ಬೇಯ್ಲೀಸ್ ಅದರ ಮೇಲೆ ನಿಲ್ಲುತ್ತದೆ.

ಸಾಮಾನ್ಯವಾಗಿ ಸಿಗುವವುಗಳ ಅಂದಾಜು ಹೀಗಿದೆ. ದಾಳಿಂಬೆ ಬಣ್ಣದ ಗ್ರೆನಡಿನ್ ಸಿರಪ್ಪಿನಲ್ಲಿ ಆಲ್ಕೋಹಾಲೇ ಇಲ್ಲ ಅಥವಾ ತೀರಾ ಕಡಿಮೆ, ಬರೀ ಸಕ್ಕರೆ, ಆದ್ದರಿಂದ ಅದು ತಳದಲ್ಲಿ, 1.18ರ ಹತ್ತಿರ ಅಥವಾ ಇನ್ನೂ ಮೇಲೆ. ಕಪ್ಪು ಕರಂಟ್ ಹಣ್ಣಿನ ಕ್ರೆಮ್ ದ ಕಸ್ಸಿಸ್ ಕೂಡ ಅಲ್ಲೇ, ಅದಕ್ಕೆ ಲೀಟರಿಗೆ 400 ಗ್ರಾಂ ಸಕ್ಕರೆ ಕಡ್ಡಾಯ. ಕಾಫಿ ಲಿಕ್ಯೂರ್ ಕಲುವಾ ಮತ್ತು ಕೋಕೋದ ಕ್ರೆಮ್ ದ ಕಕಾವ್ 1.14ರ ಸುತ್ತ, ಪುದೀನದ ಹಸಿರು ಕ್ರೆಮ್ ದ ಮಾಂತ್ 1.12, ಕಿತ್ತಳೆ ಸಿಪ್ಪೆಯ ನೀಲಿ ಕ್ಯುರಸಾವ್ 1.11, ಬಾದಾಮಿ ರುಚಿಯ ಅಮರೆಟ್ಟೊ 1.07ರಿಂದ 1.10, ಐರಿಷ್ ಕ್ರೀಮ್ 1.05, ಕಿತ್ತಳೆ ಲಿಕ್ಯೂರುಗಳಾದ ಕ್ವಾಂತ್ರೊ 1.04, ಗ್ರಾಂ ಮಾರ್ನಿಯೆ 1.03. ಸಕ್ಕರೆಯೇ ಇಲ್ಲದ ವೋಡ್ಕಾ, ರಮ್, ವಿಸ್ಕಿ, ಬ್ರಾಂದಿಗಳೆಲ್ಲ 0.95ರ ಕೆಳಗೆ. ಯಾವ ಲಿಕ್ಯೂರಿನ ಮೇಲೂ ಅವು ಸುಲಭವಾಗಿ ತೇಲುತ್ತವೆ.

ಆದರೆ ಇಂಥ ಪಟ್ಟಿಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಮೇಲಿನದನ್ನೂ ಸೇರಿಸಿ. ನೀಲಿ ಕ್ಯುರಸಾವ್ ಎಂಬ ಹೆಸರಿನಲ್ಲಿ ಹತ್ತಾರು ಕಂಪನಿಗಳ ಬಾಟಲಿಗಳಿವೆ. ಒಂದರಲ್ಲಿ ಆಲ್ಕೋಹಾಲು ಶೇ. 20, ಇನ್ನೊಂದರಲ್ಲಿ ಶೇ. 30, ಆಲ್ಕೋಹಾಲೇ ಇಲ್ಲದ ಸಿರಪ್ಪೂ ಅದೇ ನೀಲಿ. ಮೂರೂ ಬೇರೆ ಬೇರೆ ಜಾಗದಲ್ಲಿ ಕೂರುತ್ತವೆ. ನಿಮ್ಮ ಕಪಾಟಿನ ಬಾಟಲಿಯ ಬಗ್ಗೆ ನಿಮಗೆ ಖಚಿತವಾಗಿ ಹೇಳಬಲ್ಲದ್ದು ತಕ್ಕಡಿ ಮಾತ್ರ.

ತೂಗುವ ವಿಧಾನ ಸುಲಭ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಜೊತೆಗೆ ಕಿರಿದಾದ ಬಾಯಿಯ 50 ಅಥವಾ 60 ಮಿಲಿಯ ಗಾಜಿನ ಸೀಸೆ. ಕಿರಿದಾದ ಬಾಯಿಯೇ ಏಕೆಂದರೆ ಅಗಲ ಬಾಯಿಯಲ್ಲಿ ‘ತುಂಬಿತು’ ಎನ್ನುವ ಜಾಗ ಪ್ರತಿಸಲ ಹೆಚ್ಚುಕಡಿಮೆಯಾಗಿ ಲೆಕ್ಕ ಕೆಡುತ್ತದೆ. ಒಣಗಿದ ಸೀಸೆಯನ್ನು ತೂಗಿ. ಅಂಚಿನವರೆಗೆ ನೀರು ತುಂಬಿ, ಹೊರಗಡೆ ಒರೆಸಿ, ತೂಗಿ. ನೀರು ಚೆಲ್ಲಿ, ಒಣಗಿಸಿ, ಅದೇ ಅಂಚಿನವರೆಗೆ ಲಿಕ್ಯೂರ್ ತುಂಬಿ ತೂಗಿ. ಎರಡರಿಂದಲೂ ಸೀಸೆಯ ತೂಕ ಕಳೆದು, ಲಿಕ್ಯೂರಿನ ತೂಕವನ್ನು ನೀರಿನ ತೂಕದಿಂದ ಭಾಗಿಸಿ. ಉದಾಹರಣೆಗೆ ಖಾಲಿ ಸೀಸೆ 48.0 ಗ್ರಾಂ, ನೀರಿನೊಂದಿಗೆ 108.0, ಕಾಫಿ ಲಿಕ್ಯೂರಿನೊಂದಿಗೆ 116.6 ಎಂದಿರಲಿ. 68.6ನ್ನು 60.0ರಿಂದ ಭಾಗಿಸಿದರೆ 1.143. ಆ ಸಂಖ್ಯೆಯನ್ನು ಬಾಟಲಿಯ ಮೇಲೆ ಚೀಟಿ ಅಂಟಿಸಿ ಬರೆದಿಡಿ. ತೂಗಿದ ಲಿಕ್ಯೂರು ದಂಡವಾಗುವುದಿಲ್ಲ, ಬಾಟಲಿಗೇ ವಾಪಸು ಸುರಿಯಬಹುದು. ಎಲ್ಲ ಬಾಟಲಿಗಳೂ ಕೋಣೆಯ ಒಂದೇ ಉಷ್ಣತೆಯಲ್ಲಿರಬೇಕು ಎಂಬುದೊಂದೇ ನಿಯಮ.

ಎರಡು ಪದರಗಳ ನಡುವಿನ ಅಂತರ 0.03ಕ್ಕಿಂತ ಹೆಚ್ಚಿದ್ದರೆ ಯಾರು ಸುರಿದರೂ ನಿಲ್ಲುತ್ತದೆ. 0.01ರಿಂದ 0.02ರಷ್ಟಿದ್ದರೆ ಕೈ ನಿಧಾನವಾಗಬೇಕು. ಅದಕ್ಕಿಂತ ಕಡಿಮೆ ಇದ್ದರೆ ಆ ಜೋಡಿಯನ್ನು ಬಿಡುವುದೇ ಲೇಸು. ನಿಂತಂತೆ ಕಂಡರೂ ಬಡಿಸುವ ಹೊತ್ತಿಗೆ ಮಸುಕಾಗಿರುತ್ತದೆ.

ಉಷ್ಣತೆಯನ್ನು ಬಹಳ ಜನ ಗಮನಿಸುವುದಿಲ್ಲ. ಶೇ. 40ರ ಮದ್ಯ 20 ಡಿಗ್ರಿಯಿಂದ ಸೊನ್ನೆಯ ಹತ್ತಿರಕ್ಕೆ ತಣ್ಣಗಾದರೆ ಅದರ ಸಾಂದ್ರತೆ 0.01ಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತದೆ. ಐರಿಷ್ ಕ್ರೀಮ್ ಮತ್ತು ಕ್ವಾಂತ್ರೊ ನಡುವೆ ಇರುವ ಅಂತರವೂ ಅಷ್ಟೇ. ಕ್ವಾಂತ್ರೊ ಬಾಟಲಿಯನ್ನು ಫ್ರೀಜರಿನಿಂದ ತೆಗೆದು, ಮೇಜಿನ ಮೇಲಿದ್ದ ಬೆಚ್ಚಗಿನ ಐರಿಷ್ ಕ್ರೀಮಿನ ಮೇಲೆ ಸುರಿದರೆ ಅದು ಮೇಲೆ ನಿಲ್ಲದೆ ಕ್ರೀಮಿನೊಳಗೆ ಎಳೆ ಎಳೆಯಾಗಿ ಇಳಿಯುತ್ತದೆ. ನಿನ್ನೆ ನಿಂತ ಪದರ ಇವತ್ತು ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ಇದೇ. ಎಲ್ಲ ಬಾಟಲಿಗಳನ್ನೂ ಒಟ್ಟಿಗೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡುವುದು ಒಳ್ಳೆಯದು. ತಣ್ಣಗಿನ ದ್ರವ ಮಂದವಾಗುತ್ತದೆ, ಮಂದ ದ್ರವ ನಿಧಾನವಾಗಿ ಹರಿಯುತ್ತದೆ, ಸುಲಭವಾಗಿ ಕಲಕುವುದಿಲ್ಲ. ಕೊನೆಯ ಬಾಟಲಿಯನ್ನು ಮಾತ್ರ ಹೊರಗೆ ಬೆಚ್ಚಗಿಟ್ಟರೆ ಅದು ಇನ್ನೂ ಹಗುರಾಗಿ ನಿಮಗೇ ಅನುಕೂಲ.

ತೂಕ ಗೊತ್ತಾದ ಮೇಲೆ ಕೈಯ ಕೆಲಸ ಒಂದೇ: ಬೀಳುವ ಧಾರೆಯ ವೇಗವನ್ನು ಕೊಲ್ಲುವುದು. ಐದು ಸೆಂಟಿಮೀಟರು ಎತ್ತರದಿಂದ ಬಿದ್ದ ದ್ರವ ಕೆಳಗೆ ಮುಟ್ಟುವಾಗ ಸೆಕೆಂಡಿಗೆ ಒಂದು ಮೀಟರು ವೇಗದಲ್ಲಿರುತ್ತದೆ. ಹಗುರವಾಗಿದ್ದರೂ ಆ ರಭಸಕ್ಕೆ ಕೆಳಗಿನ ಪದರದೊಳಗೆ ನುಗ್ಗಿ, ಅಲ್ಲಿ ಬೆರೆತು, ಆಮೇಲೆ ಮೇಲೆ ಬರುತ್ತದೆ. ಅರ್ಧ ಸೆಂಟಿಮೀಟರಿನಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಹತ್ತನೇ ಒಂದು ಭಾಗ. ಅದಕ್ಕಾಗಿಯೇ ಚಮಚ.

ಚಮಚವನ್ನು ಬೋರಲು ಹಿಡಿಯಿರಿ, ಬೆನ್ನು ಮೇಲಕ್ಕಿರಲಿ. ಅದರ ತುದಿ ಗ್ಲಾಸಿನ ಒಳಗೋಡೆಗೆ ತಾಗಬೇಕು, ಕೆಳಗಿನ ಪದರದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ದ್ರವವನ್ನು ಚಮಚದ ಬೆನ್ನಿನ ಮೇಲೆ ಬಿಟ್ಟರೆ ಅದು ಹರಡಿ, ತೆಳುವಾಗಿ, ಗೋಡೆ ಹಿಡಿದು ಕೆಳಗಿಳಿಯುತ್ತದೆ. ಪದರ ಏರಿದಂತೆ ಚಮಚವೂ ಮೇಲೇರಬೇಕು, ಆದರೆ ದ್ರವದಲ್ಲಿ ಮುಳುಗಬಾರದು. ಮುಳುಗಿದ ಚಮಚವನ್ನು ಹೊರತೆಗೆಯುವಾಗ ಅದೇ ಒಂದು ಕಲಕು. ಬಾರ್‌ಗಳಲ್ಲಿ ಬಳಸುವ ತಿರುಚಿದ ಹಿಡಿಯ ಉದ್ದ ಚಮಚದಲ್ಲಿ ಇನ್ನೊಂದು ದಾರಿಯಿದೆ: ಹಿಡಿಯ ತುದಿಯಲ್ಲಿ ಚಪ್ಪಟೆ ಬಿಲ್ಲೆಯಿದ್ದರೆ ಅದನ್ನು ಪದರದ ಮೇಲೆ ತಾಗಿಯೂ ತಾಗದಂತೆ ಹಿಡಿದು, ತಿರುಚಿದ ಹಿಡಿಯ ಉದ್ದಕ್ಕೂ ಲಿಕ್ಯೂರು ಸುತ್ತಿಕೊಂಡು ಇಳಿಯುವಂತೆ ಸುರಿಯಬಹುದು. ಮನೆಯ ಟೀ ಚಮಚವೂ ಆಗುತ್ತದೆ, ಗ್ಲಾಸಿನ ಬಾಯಿಯೊಳಗೆ ಹೋಗುವಷ್ಟು ಸಣ್ಣದಿರಬೇಕು ಅಷ್ಟೇ. ದೊಡ್ಡ ಬಾಟಲಿಯಿಂದ ನೇರ ಸುರಿದರೆ ಗುಳುಕ್ ಎಂದು ಒಮ್ಮೆಲೇ ಬೀಳುವ ಭಯ ಇದ್ದೇ ಇರುತ್ತದೆ. ಅಳೆದ 15 ಮಿಲಿಯನ್ನು ಮೂತಿಯಿರುವ ಸಣ್ಣ ಪಾತ್ರೆಗೆ ಹಾಕಿಕೊಂಡು ಅಲ್ಲಿಂದ ಸುರಿಯಿರಿ. ಸೂಜಿಯಿಲ್ಲದ 20 ಮಿಲಿಯ ಸಿರಿಂಜ್ ಇದ್ದರೆ ಇನ್ನೂ ಹಿತ. ಅಳತೆಯೂ ಸರಿ, ಧಾರೆಯೂ ನಿಮ್ಮ ಹೆಬ್ಬೆರಳಿನ ಮಾತು ಕೇಳುತ್ತದೆ.

ಗ್ಲಾಸು ಉದ್ದಕ್ಕೆ, ಕಿರಿದಾಗಿ ಇರಲಿ. 15 ಮಿಲಿ ದ್ರವ ನಾಲ್ಕು ಸೆಂಟಿಮೀಟರು ಅಗಲದ ಗ್ಲಾಸಿನಲ್ಲಿ 1.2 ಸೆಂಟಿಮೀಟರು ನಿಲ್ಲುತ್ತದೆ, ಮೂರು ಸೆಂಟಿಮೀಟರು ಅಗಲದ್ದರಲ್ಲಿ 2.1. ಬುಡ ಕಿರಿದು, ಬಾಯಿ ಅಗಲ ಇರುವ ಗ್ಲಾಸಿನಲ್ಲಿ ಸಮ ಅಳತೆ ಹಾಕಿದರೂ ಮೇಲಿನ ಪದರ ತೆಳುವಾಗಿ ಕಾಣುತ್ತದೆ. ಹಾಗೆ ಕಾಣಬಾರದೆಂದಿದ್ದರೆ ಮೇಲಿನದಕ್ಕೆ ಎರಡು ಮೂರು ಮಿಲಿ ಹೆಚ್ಚು ಹಾಕಬೇಕು. ಗ್ಲಾಸು ಒಳಗೆ ಪೂರ್ತಿ ಒಣಗಿರಬೇಕು.

ಇನ್ನು ಬಿ-52. ಅಂತಾರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘ ಹಿಂದೆ ತನ್ನ ಪಟ್ಟಿಯಲ್ಲಿ ಕೊಟ್ಟಿದ್ದ ಅಳತೆ ತಲಾ 20 ಮಿಲಿ. ನಮ್ಮಲ್ಲಿ ಸಿಗುವ 60 ಮಿಲಿಯ ಶಾಟ್ ಗ್ಲಾಸಿಗೆ ಅದು ಅಂಚಿನವರೆಗೆ ಬರುತ್ತದೆ, ಎತ್ತಿದರೆ ಚೆಲ್ಲುತ್ತದೆ. ತಲಾ 15 ಮಿಲಿ ಹಾಕಿದರೆ ಮೇಲೆ ಬೆರಳಿನಷ್ಟು ಜಾಗ ಉಳಿಯುತ್ತದೆ. ಮೊದಲು ಕಲುವಾವನ್ನು ಗ್ಲಾಸಿನ ನಡುಮಧ್ಯಕ್ಕೆ, ಗೋಡೆಗೆ ತಾಗದಂತೆ ಸುರಿಯಿರಿ. ಗೋಡೆಗೆ ತಾಗಿದ ಕಂದು ಜಿನುಗುತ್ತಲೇ ಇದ್ದು ಆಮೇಲೆ ಕ್ರೀಮಿನ ಪದರದ ಮೇಲೆ ಕೊಳಕು ಗೆರೆ ಎಳೆಯುತ್ತದೆ. ಅರ್ಧ ನಿಮಿಷ ಬಿಡಿ, ಅಲುಗಾಟ ನಿಲ್ಲಲಿ. ಚಮಚ ಇಟ್ಟು ಐರಿಷ್ ಕ್ರೀಮನ್ನು ಬಿಡಿ. ಇಲ್ಲಿ ಅಂತರ 0.09ರಷ್ಟಿರುವುದರಿಂದ ಅಷ್ಟೇನೂ ಹೆದರಬೇಕಿಲ್ಲ, ಮೊದಲ ಐದು ಮಿಲಿ ಮಾತ್ರ ನಿಧಾನವಾಗಿರಲಿ. ಒಮ್ಮೆ ಮೇಲೆ ತೆಳುವಾದ ಹೊದಿಕೆ ಬಂದರೆ ಉಳಿದದ್ದು ಅದರ ಮೇಲೆಯೇ ಬೀಳುತ್ತದೆ. ಈಗ ಚಮಚವನ್ನು ತೊಳೆದು ಒರೆಸಿ. ಇದನ್ನು ಬಿಟ್ಟವರೇ ಹೆಚ್ಚು. ಚಮಚಕ್ಕೆ ಅಂಟಿದ ಕ್ರೀಮು ಹನಿಯಾಗಿ ಗ್ರಾಂ ಮಾರ್ನಿಯೆಯೊಳಗೆ ಇಳಿದು ಮೇಲಿನ ಪದರವನ್ನೆಲ್ಲ ಮಬ್ಬು ಮಾಡುತ್ತದೆ. ಮೂರನೆಯದೇ ನಿಜವಾದ ಪರೀಕ್ಷೆ. ಗ್ರಾಂ ಮಾರ್ನಿಯೆ ಮತ್ತು ಕ್ರೀಮಿನ ಅಂತರ ಸುಮಾರು 0.02. ಹನಿ ಹನಿಯಾಗಿ ಶುರುಮಾಡಿ, ಹೊದಿಕೆ ಕಂಡ ಮೇಲೆ ದಾರದಷ್ಟು ಧಾರೆ ಬಿಡಿ. 15 ಮಿಲಿಗೆ ಇಪ್ಪತ್ತು ಸೆಕೆಂಡಾದರೂ ತೆಗೆದುಕೊಳ್ಳಲಿ.

ಅದೇ ತೂಕದ ಏಣಿಯಲ್ಲಿ ಕಲುವಾ ಬದಲು ಹಸಿರು ಕ್ರೆಮ್ ದ ಮಾಂತ್ ಹಾಕಿದರೆ ಐರ್ಲೆಂಡಿನ ಬಾವುಟದ ಮೂರು ಬಣ್ಣ ಬರುತ್ತವೆ, ಅದರ ಹೆಸರೂ ಐರಿಷ್ ಫ್ಲ್ಯಾಗ್. ಹೊಸಬರಿಗೆ ನಾವು ಹೇಳುವುದು ಬೇಬಿ ಗಿನ್ನೆಸ್ ಒಂದರಿಂದ ಶುರುಮಾಡಿ ಎಂದು: ಕಾಫಿ ಲಿಕ್ಯೂರು 30 ಮಿಲಿ, ಅದರ ಮೇಲೆ ಐರಿಷ್ ಕ್ರೀಮ್ 10 ಮಿಲಿ. ಎರಡೇ ಪದರ, ಅಂತರ ದೊಡ್ಡದು, ನೋಡಲು ನೊರೆ ಕಟ್ಟಿದ ಕಪ್ಪು ಬಿಯರಿನ ಪುಟ್ಟ ಗ್ಲಾಸು. ಕೈಗೆ ಧೈರ್ಯ ಬರುತ್ತದೆ. ಅದಕ್ಕೂ ಮೊದಲು ದುಡ್ಡು ಖರ್ಚಿಲ್ಲದೆ ಕೈ ಪಳಗಿಸಬೇಕೆಂದರೆ ಸಕ್ಕರೆ ನೀರು ಸಾಕು. 30 ಗ್ರಾಂ ಸಕ್ಕರೆಗೆ 70 ಗ್ರಾಂ ನೀರು, 20ಕ್ಕೆ 80, 10ಕ್ಕೆ 90, ಕೊನೆಗೆ ಬರೀ ನೀರು. ಪ್ರತಿಯೊಂದಕ್ಕೂ ಒಂದೊಂದು ಬಣ್ಣದ ಹನಿ. ಇವುಗಳ ಸಾಂದ್ರತೆ ಕ್ರಮವಾಗಿ 1.127, 1.081, 1.038, 1.00. ಪ್ರತಿ ಹೆಜ್ಜೆಗೂ 0.04ರ ಸುತ್ತಲಿನ ಅಂತರ. ಇದು ಸಲೀಸಾದ ಮೇಲೆ 10ರ ಬದಲು 5 ಗ್ರಾಂ ಹೆಜ್ಜೆ ಇಡಿ, ಆಗ ಸಿಗುವುದು 0.02ರ ಅಂತರ, ಗ್ರಾಂ ಮಾರ್ನಿಯೆಗೆ ಬೇಕಾದ ಕೈಯೇ ಅದು. ಇದನ್ನು ಮಕ್ಕಳಿಗೂ ಮಾಡಿ ತೋರಿಸಬಹುದು.

ಮನೆಯಲ್ಲೇ ಕಾಫಿ ಲಿಕ್ಯೂರು ಮಾಡಿಕೊಳ್ಳುವುದು ಫಿಲ್ಟರ್ ಇರುವ ಕನ್ನಡದ ಮನೆಗೆ ಕಷ್ಟದ ಕೆಲಸವಲ್ಲ. ಚಿಕ್ಕಮಗಳೂರಿನ ಯಾವುದೇ ಒಳ್ಳೆಯ ಪುಡಿ 60 ಗ್ರಾಂ ಫಿಲ್ಟರಿಗೆ ಹಾಕಿ, ಕುದಿಯುವ ನೀರು 320 ಮಿಲಿ ಸುರಿಯಿರಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು ಸುಮಾರು 200 ಮಿಲಿ ಡಿಕಾಕ್ಷನ್. ಅದು ಬಿಸಿ ಇರುವಾಗಲೇ 200 ಗ್ರಾಂ ಸಕ್ಕರೆ ಕರಗಿಸಿ. ಕುದಿಸಬೇಡಿ, ಕಾಫಿ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ 200 ಮಿಲಿ ಕಪ್ಪು ರಮ್ ಸೇರಿಸಿ. ಬಿಸಿಯಲ್ಲಿ ಸೇರಿಸಿದರೆ ರಮ್ಮಿನ ಆಲ್ಕೋಹಾಲೂ ವಾಸನೆಯೂ ಆವಿಯಾಗಿ ಹೋಗುತ್ತವೆ. ಬೇಕಾದರೆ ಅರ್ಧ ಟೀ ಚಮಚ ವೆನಿಲಾ. ನಮ್ಮ ದೇಶದ ರಮ್ ಸಾಮಾನ್ಯವಾಗಿ ಶೇ. 42.8. ಕರಗಿದ ಸಕ್ಕರೆ ಸುಮಾರು 125 ಮಿಲಿ ಜಾಗ ಹಿಡಿಯುತ್ತದೆ, ಹಾಗಾಗಿ ಒಟ್ಟು 520 ಮಿಲಿ ಆಸುಪಾಸು. ಲೆಕ್ಕ ಹಾಕಿದರೆ ಆಲ್ಕೋಹಾಲು ಶೇ. 16ರ ಸುತ್ತ, ಸಾಂದ್ರತೆ 1.13. ಐರಿಷ್ ಕ್ರೀಮಿನ ಕೆಳಗೆ ನಿಲ್ಲಲು ಧಾರಾಳ ಸಾಕು. ಒಂದು ವಾರ ಬಾಟಲಿಯಲ್ಲಿ ಅಲ್ಲಾಡಿಸದೆ ಇಟ್ಟು, ತಳದ ಗಸಿ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಗಸಿ ಉಳಿದರೆ ಗೆರೆ ಮಸುಕಾಗುತ್ತದೆ. ಚಿಕೋರಿ ಬೆರೆತ ಪುಡಿಯೂ ಆದೀತು, ಬಣ್ಣ ಗಾಢವಾಗುತ್ತದೆ, ಆದರೆ ಚಿಕೋರಿ ಹೆಚ್ಚಿದ್ದರೆ ತಣ್ಣಗಾದಾಗ ಅದರ ಕಹಿಯೇ ಮುಂದೆ ಬರುತ್ತದೆ. ಚಿಕೋರಿಯಿಲ್ಲದ್ದು ಉತ್ತಮ.

ಐರಿಷ್ ಕ್ರೀಮಿನ ವಿಷಯದಲ್ಲಿ ಎರಡು ಎಚ್ಚರ. ಮೊದಲನೆಯದು ಹುಳಿ. ಹಾಲಿನ ಪ್ರೋಟೀನು ಪಿಎಚ್ 4.6ರ ಹತ್ತಿರ ಗಡ್ಡೆಕಟ್ಟುತ್ತದೆ. ಕ್ರೀಮಿನ ಕೆಳಗೋ ಮೇಲೋ ನಿಂಬೆ, ಕಿತ್ತಳೆ ರಸ ಅಥವಾ ಹುಳಿ ಸಿರಪ್ ಇದ್ದರೆ ಗೆರೆಯ ಜಾಗದಲ್ಲಿ ಒಡೆದ ಹಾಲಿನ ಚೂರುಗಳು ಕಾಣುತ್ತವೆ. ಕರಾವಳಿಯ ಮನೆಗಳಲ್ಲಿ ಸಕ್ಕರೆ ಹಾಕಿ ಇಟ್ಟ ಪುನರ್ಪುಳಿ ಸಿರಪ್ ಗ್ರೆನಡಿನ್ ಜಾಗಕ್ಕೆ ಸೊಗಸಾಗಿ ಹೊಂದುತ್ತದೆ. ಭಾರವೂ ಇದೆ, ಬಣ್ಣವಂತೂ ಗ್ರೆನಡಿನ್ನಿಗಿಂತ ಆಳ, ರುಚಿಯಲ್ಲಿ ಬರೀ ಸಿಹಿಯನ್ನು ಕತ್ತರಿಸುವ ಹುಳಿಯಿದೆ. ಆದರೆ ಅದರ ಮೇಲೆ ನೇರವಾಗಿ ಐರಿಷ್ ಕ್ರೀಮ್ ಹಾಕಬಾರದು. ತಳದಲ್ಲಿ ಪುನರ್ಪುಳಿ, ನಡುವೆ ನೀಲಿ ಅಥವಾ ಬಿಳಿ ಕ್ಯುರಸಾವ್, ಮೇಲೆ ವೋಡ್ಕಾ ಅಥವಾ ಬಿಳಿ ರಮ್ ಇದ್ದರೆ ತೊಂದರೆಯಿಲ್ಲ. ಎರಡನೆಯದು ಬಿಸಿಲು. ಬೇಯ್ಲೀಸ್ ತಯಾರಕರು 25 ಡಿಗ್ರಿ ಒಳಗಿನ ಉಷ್ಣತೆಯಲ್ಲಿ, ತಯಾರಾದ ದಿನದಿಂದ ಎರಡು ವರ್ಷದ ಭರವಸೆ ಕೊಡುತ್ತಾರೆ. ಬೆಂಗಳೂರಿನ ಕಪಾಟಿನಲ್ಲಿ ಚಳಿಗಾಲಕ್ಕೆ ಹೇಗೋ ನಡೆದೀತು, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ಜೇ ಗತಿ. ಬಾಟಲಿಯ ಬಾಯಲ್ಲಿ ಗಟ್ಟಿ ಉಂಡೆ ಕಂಡರೆ ಆ ಬಾಟಲಿಯ ಪದರ ಗೆರೆ ಹಿಡಿಯುವುದಿಲ್ಲ, ಕುಡಿಯುವುದೂ ಬೇಡ.

ರುಚಿಯ ಕ್ರಮವನ್ನು ತೂಕವೇ ಅರ್ಧ ನಿರ್ಧರಿಸಿಬಿಡುತ್ತದೆ. ಸಿಹಿಯದ್ದು ಕೆಳಗೆ, ಖಾರದ ಮದ್ಯ ಮೇಲೆ. ಗ್ಲಾಸಿನಿಂದ ನೇರ ಕುಡಿದರೆ ಮೊದಲು ಕಿತ್ತಳೆಯ ಘಾಟು, ಆಮೇಲೆ ಕ್ರೀಮು, ಕೊನೆಗೆ ಕಾಫಿಯ ಸಿಹಿಗಹಿ. ಇದು ಅದೃಷ್ಟವಶಾತ್ ನಾಲಿಗೆಗೂ ಒಪ್ಪುವ ಸಾಲು. ಒಂದೇ ಗುಟುಕಿಗೆ ಎತ್ತುವುದು ರೂಢಿ. ಎರಡು ಮೂರು ಗುಟುಕಾಗಿ ಕುಡಿದರೆ ಪದರಗಳು ಬಾಯಲ್ಲಿ ಒಂದಾದ ಮೇಲೊಂದು ಬರುವುದು ತಿಳಿಯುತ್ತದೆ, ಅಷ್ಟು ಶ್ರಮ ಪಟ್ಟು ಕಟ್ಟಿದ್ದಕ್ಕೆ ಅದೇ ನ್ಯಾಯ. ಸ್ಟ್ರಾ ಹಾಕಿ ತಳದಿಂದ ಎಳೆದರೆ ಸಾಲು ತಿರುಗಿ, ಸಿಹಿ ಮೊದಲು, ಉರಿ ಕೊನೆಗೆ. ಅದು ನಮಗೆ ಸೇರುವುದಿಲ್ಲ.

ಬೆಂಕಿ ಹಚ್ಚಿದ ಬಿ-52 ಕೇಳುವವರು ಇದ್ದೇ ಇರುತ್ತಾರೆ. ಶೇ. 40ರ ಮದ್ಯದ ಆವಿ ಹೊತ್ತಿಕೊಳ್ಳಲು 26 ಡಿಗ್ರಿಯ ಸುತ್ತ ಉಷ್ಣತೆ ಬೇಕು. ಫ್ರಿಜ್ಜಿನಿಂದ ಬಂದ ಗ್ರಾಂ ಮಾರ್ನಿಯೆಗೆ ಕಡ್ಡಿ ಗೀರಿ ಎಷ್ಟು ಹಿಡಿದರೂ ಹತ್ತುವುದಿಲ್ಲ. ಅದಕ್ಕೇ ಮೇಲೆ ತೆಳುವಾಗಿ ಶೇ. 60 ಅಥವಾ 75ರ ಕಡು ರಮ್ ಬಿಡುತ್ತಾರೆ. ಈ ಜ್ವಾಲೆ ಮಂಕು ನೀಲಿ, ಬೆಳಕಿರುವ ಕೋಣೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಎಂದು ಬಾಯಿಗಿಟ್ಟು ಸುಟ್ಟುಕೊಳ್ಳುವುದು, ಕಾಣದ ಬೆಂಕಿಯ ಮೇಲೆ ಬಾಟಲಿಯಿಂದ ಮತ್ತೆ ಸುರಿಯುವುದು, ಆ ಧಾರೆ ಹಿಡಿದು ಉರಿ ಬಾಟಲಿಗೆ ಏರುವುದು, ಎಲ್ಲವೂ ಆಗುವಂಥವೇ. ಮಾಡಲೇಬೇಕೆಂದರೆ ದಪ್ಪ ಗಾಜಿನ ಗ್ಲಾಸು, ಬಾಟಲಿಗಳೆಲ್ಲ ಮುಚ್ಚಿ ದೂರ, ದೀಪ ಮಂದ, ಹತ್ತು ಸೆಕೆಂಡಿನೊಳಗೆ ಗ್ಲಾಸಿನ ಬಾಯಿಗೆ ಲೋಹದ ತಟ್ಟೆ ಮುಚ್ಚಿ ಆರಿಸಿ, ಅಂಚು ತಣ್ಣಗಾದ ಮೇಲಷ್ಟೇ ತುಟಿಗೆ. ಮನೆಯಲ್ಲಿ ಬೇಡ ಎಂಬುದೇ ನಮ್ಮ ಮಾತು. ಉರಿಯಿಂದ ರುಚಿಗೆ ಸಿಗುವುದು ಬೆಚ್ಚಗಾದ ಕಿತ್ತಳೆಯ ವಾಸನೆ ಮಾತ್ರ, ಕ್ರೀಮಿನ ಮೇಲ್ಭಾಗ ಬಿಸಿಗೆ ಕಲಕಿ ಗೆರೆಯೂ ಹೋಗುತ್ತದೆ.

ಬಡಿಸುವಾಗ ಒಂದು ವಿಚಿತ್ರ ಗಮನಿಸಬಹುದು. ಟ್ರೇ ಸ್ವಲ್ಪ ಅಲುಗಿದರೂ ಗ್ಲಾಸಿನ ಮೇಲ್ಮೈ ಬೇಗ ಶಾಂತವಾಗುತ್ತದೆ, ಒಳಗಿನ ಗೆರೆ ಮಾತ್ರ ನಿಧಾನವಾಗಿ ಆ ಕಡೆ ಈ ಕಡೆ ತೂಗುತ್ತಲೇ ಇರುತ್ತದೆ. ಮೇಲ್ಮೈಯಲ್ಲಿ ದ್ರವಕ್ಕೂ ಗಾಳಿಗೂ ತೂಕದ ವ್ಯತ್ಯಾಸ ಬಹಳ, ಅದು ಅಲೆಯನ್ನು ಬಲವಾಗಿ ಎಳೆದು ನಿಲ್ಲಿಸುತ್ತದೆ. ಗೆರೆಯ ಹತ್ತಿರ ವ್ಯತ್ಯಾಸ ನೂರರಲ್ಲಿ ಎರಡು ಪಾಲು, ಎಳೆಯುವ ಬಲವೂ ಅಷ್ಟೇ ಸಣ್ಣದು, ಹಾಗಾಗಿ ಅಲೆ ದೊಡ್ಡದಾಗಿ, ಬಹಳ ಹೊತ್ತು ಆಡುತ್ತದೆ. ಟ್ರೇ ಹಿಡಿದು ವೇಗವಾಗಿ ನಡೆದರೆ ಆ ಅಲೆ ಮುರಿದು ಪದರ ಬೆರೆಯುತ್ತದೆ. ಆದ್ದರಿಂದ ಗ್ಲಾಸುಗಳನ್ನು ಮೊದಲು ಅತಿಥಿಗಳ ಮೇಜಿನ ಮೇಲೆ ಜೋಡಿಸಿ, ಅಲ್ಲೇ ನಿಂತು ಕಟ್ಟುವುದು ಸರಿ. ಆರು ಗ್ಲಾಸು ಇದ್ದರೆ ಆರಕ್ಕೂ ಮೊದಲು ಕಾಫಿ, ನಂತರ ಆರಕ್ಕೂ ಕ್ರೀಮು, ಕೊನೆಗೆ ಆರಕ್ಕೂ ಕಿತ್ತಳೆ. ಮೊದಲ ಗ್ಲಾಸಿಗೆ ಮರಳುವ ಹೊತ್ತಿಗೆ ಅದರ ಅಲುಗಾಟ ತಾನಾಗಿ ನಿಂತಿರುತ್ತದೆ, ಚಮಚವನ್ನೂ ಪ್ರತಿ ಸುತ್ತಿಗೆ ಒಂದೇ ಸಲ ತೊಳೆದರೆ ಸಾಕು.

ತಲಾ 15 ಮಿಲಿಯ ಒಂದು ಬಿ-52ರಲ್ಲಿ ಶುದ್ಧ ಆಲ್ಕೋಹಾಲು ಹನ್ನೊಂದರಿಂದ ಹನ್ನೊಂದೂವರೆ ಮಿಲಿ. ಶೇ. 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿ ಹದಿಮೂರಕ್ಕೆ ಸ್ವಲ್ಪ ಕಡಿಮೆ. ಸಿಹಿಯಲ್ಲಿ ಮರೆಯಾಗಿ ಹಗುರ ಅನ್ನಿಸಿದರೂ ಮೂರು ಶೂಟರ್ ಎಂದರೆ ಹತ್ತಿರ ಹತ್ತಿರ ಮೂರು ಸ್ಮಾಲ್, ಅದೂ ಕೆಲವೇ ನಿಮಿಷಗಳ ಒಳಗೆ. ಊಟದ ನಂತರ ಒಬ್ಬರಿಗೆ ಒಂದು, ಹೆಚ್ಚೆಂದರೆ ಎರಡು, ಜೊತೆಗೆ ಒಂದು ದೊಡ್ಡ ಲೋಟ ನೀರು. ವಾಹನ ಓಡಿಸುವವರಿಗೆ ಗ್ರೆನಡಿನ್ ಅಥವಾ ಪುನರ್ಪುಳಿ ಸಿರಪ್ ತಳದಲ್ಲಿ, ಅದರ ಮೇಲೆ ಸಕ್ಕರೆ ಕಡಿಮೆಯ ಕಿತ್ತಳೆ ರಸ, ಮೇಲೆ ತಣ್ಣಗಿನ ಸೋಡಾ. ಸೋಡಾದ ಗುಳ್ಳೆ ಪದರವನ್ನು ಕಲಕುವುದರಿಂದ ಅದನ್ನು ಮೊದಲೇ ಸ್ವಲ್ಪ ಹೊತ್ತು ತೆರೆದಿಟ್ಟು, ಚಮಚದ ಮೇಲೆ ಎಲ್ಲಕ್ಕಿಂತ ನಿಧಾನವಾಗಿ ಬಿಡಬೇಕು.